ಗಗನಯಾತ್ರಿಗೂ ಮನಸ್ಸುಂಟು

ಭಾರತದ ಮೊದಲ ಗಗನಯಾತ್ರಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋಗುವ ಮೊದಲು ಒಂದು ಕೋಣೆಗೆ ಹೋಗಬೇಕಾಯಿತು. ಆ ಕೋಣೆ ಇದ್ದದ್ದು ಬೆಂಗಳೂರಿನಲ್ಲಿ, ವಾಯುಪಡೆಗೆ ಸೇರಿದ ಕಟ್ಟಡದಲ್ಲಿ. ಸೂರ್ಯನ ಬೆಳಕು ಅಲ್ಲಿಗೆ ಬರುವಂತಿಲ್ಲ, ಉರಿಯುವುದು ದೀಪ ಮಾತ್ರ. ಅಲ್ಲಿ ೭೨ ಗಂಟೆ, ಎಂದರೆ ಮೂರು ಹಗಲು ಮೂರು ರಾತ್ರಿ ಕಳೆಯಬೇಕು. ಓಡುವುದಿಲ್ಲ, ಭಾರ ಎತ್ತುವುದಿಲ್ಲ, ಲೆಕ್ಕ ಬಿಡಿಸುವುದೂ ಇಲ್ಲ. ಸುಮ್ಮನೆ ಇರಬೇಕು, ಅಷ್ಟೆ. ಮುಚ್ಚಿದ ಜಾಗದ ಭಯ ಮನಸ್ಸಿನ ಯಾವುದಾದರೂ ಮೂಲೆಯಲ್ಲಿ ಅಡಗಿದೆಯೇ ಎಂದು ನೋಡುವ ಪರೀಕ್ಷೆ ಅದು. ಯುದ್ಧವಿಮಾನ ಹಾರಿಸಿದ ಪೈಲಟ್‌ಗೂ ಈ ಪರೀಕ್ಷೆಯಿಂದ ವಿನಾಯಿತಿ ಇರಲಿಲ್ಲ.

೧೯೮೪ರ ಏಪ್ರಿಲ್ ೩ರಂದು ಶರ್ಮಾ ಸೋವಿಯತ್ ರಷ್ಯದ ಸೋಯುಜ್ ನೌಕೆಯಲ್ಲಿ ಹೊರಟು, ಸಾಲ್ಯೂತ್-೭ ಎಂಬ ನಿಲ್ದಾಣದಲ್ಲಿದ್ದು, ಎಂಟು ದಿನಕ್ಕೆ ತುಸು ಕಡಿಮೆ ಅವಧಿಯಲ್ಲಿ ಮರಳಿದ್ದು ಎಲ್ಲರಿಗೂ ಗೊತ್ತು. ಅವರ ಜೊತೆಗೇ ಆಯ್ಕೆಯಾಗಿ, ರಷ್ಯದಲ್ಲಿ ಅದೇ ತರಬೇತಿ ಪಡೆದು, ಅದೇ ಪರೀಕ್ಷೆಗಳನ್ನು ದಾಟಿದ ಇನ್ನೊಬ್ಬರಿದ್ದರು: ರವೀಶ್ ಮಲ್ಹೋತ್ರಾ. ಅವರಿಗೆ ಹಾರುವ ಅವಕಾಶ ಬರಲಿಲ್ಲ. ಮೀಸಲು ಯಾತ್ರಿಯಾಗಿ ನೆಲದ ಮೇಲೇ ಉಳಿದರು. ಒಂದು ಅಂಕದಲ್ಲಿ ರ‍್ಯಾಂಕ್ ತಪ್ಪಿತೆಂದು ಮನೆಯಲ್ಲಿ ಎರಡು ದಿನ ಒಲೆ ಹೊತ್ತಿಸದ ತಂದೆತಾಯಿಗಳು ನಮ್ಮಲ್ಲಿದ್ದಾರೆ. ಅಂಥವರು ಈ ಎರಡನೆಯ ಹೆಸರನ್ನೂ ಮಕ್ಕಳಿಗೆ ಹೇಳಿಕೊಡುವುದು ಒಳ್ಳೆಯದು.

ಅದಿರಲಿ. ಎಂಟು ದಿನವೆಂದರೆ ಹೇಗೋ ಕಳೆದುಹೋಗುತ್ತದೆ. ಆರು ತಿಂಗಳು, ಒಂದು ವರ್ಷ, ಮುಂದೊಮ್ಮೆ ಮಂಗಳ ಗ್ರಹಕ್ಕೆ ಹೋಗಿ ಬರುವ ಎರಡೂವರೆ ಮೂರು ವರ್ಷ ಎಂದಾಗ ಪ್ರಶ್ನೆ ಬೇರೆಯೇ ಆಗುತ್ತದೆ. ರಾಕೆಟ್ಟಿನ ಇಂಧನ, ಆಮ್ಲಜನಕ, ಕುಡಿಯುವ ನೀರು ಇವನ್ನೆಲ್ಲ ಲೆಕ್ಕ ಹಾಕಬಹುದು. ಮನುಷ್ಯನ ಬೇಸರವನ್ನು ಯಾವ ಮಾಪಕದಿಂದ ಅಳೆಯುವುದು? ಇದಕ್ಕೆ ಉತ್ತರ ಹುಡುಕುವ ಶಾಸ್ತ್ರವೇ ಅಂತರಿಕ್ಷ ಮನೋವಿಜ್ಞಾನ.

ಮೊದಲು ಅಲ್ಲಿನ ಸ್ಥಿತಿಯನ್ನು ನೋಡೋಣ. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣ ಭೂಮಿಯಿಂದ ಸುಮಾರು ೪೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದೆ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವವರು ಇದಕ್ಕಿಂತ ಹೆಚ್ಚು ದೂರ ಹೋಗುತ್ತಾರೆ. ಹಾಗೆ ನೋಡಿದರೆ ಅಂತರಿಕ್ಷ ಬೆಂಗಳೂರಿಗಿಂತ ಹತ್ತಿರ! ನಿಲ್ದಾಣದ ವೇಗ ಗಂಟೆಗೆ ೨೮,೦೦೦ ಕಿಲೋಮೀಟರ್. ಬಸ್ಸು ರಾತ್ರಿಯಿಡೀ ಓಡುವ ಹಾದಿಯನ್ನು ಅದು ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತದೆ. ಭೂಮಿಯನ್ನು ಒಂದು ಸುತ್ತು ಹಾಕಲು ಬೇಕಾಗುವುದು ಸುಮಾರು ೯೦ ನಿಮಿಷ. ಹೀಗಾಗಿ ನಮ್ಮ ಒಂದು ದಿನದಲ್ಲಿ ಅಲ್ಲಿರುವವರು ೧೬ ಸೂರ್ಯೋದಯ, ೧೬ ಸೂರ್ಯಾಸ್ತ ಕಾಣುತ್ತಾರೆ.

ಕೇಳಲು ಚೆಂದ, ದೇಹಕ್ಕೆ ಮಾತ್ರ ಸಂಕಟ. ನಮ್ಮೊಳಗೆ ಒಂದು ಗಡಿಯಾರವಿದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ಸರಿಹೊಂದುತ್ತದೆ. ಕತ್ತಲಾದಾಗ ನಿದ್ದೆ ತರಿಸುವ ರಸವನ್ನು ಮಿದುಳಿನ ಒಂದು ಗ್ರಂಥಿ ಒಸರುತ್ತದೆ. ದಿನಕ್ಕೆ ಹದಿನಾರು ಸಲ ಬೆಳಗಾದರೆ ಈ ಗಡಿಯಾರ ಯಾವುದನ್ನು ನಂಬಬೇಕು? ನಿಲ್ದಾಣದಲ್ಲಿರುವವರಿಗೆ ಎಂಟೂವರೆ ಗಂಟೆ ನಿದ್ದೆಗೆಂದು ಮೀಸಲಿಟ್ಟರೂ ಸಿಗುತ್ತಿದ್ದುದು ಸುಮಾರು ಆರು ಗಂಟೆಯೆಂದೂ, ಮುಕ್ಕಾಲು ಪಾಲು ಮಂದಿ ನಿದ್ದೆಮಾತ್ರೆ ಬಳಸಿದ್ದರೆಂದೂ ೨೦೧೪ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತಿಳಿಸಿತು. ಆಮೇಲೆ ೨೦೧೬ರಿಂದ ಅಲ್ಲಿನ ಹಳೆಯ ದೀಪಗಳನ್ನು ತೆಗೆದು ಬಣ್ಣ ಬದಲಾಯಿಸುವ ದೀಪಗಳನ್ನು ಹಾಕತೊಡಗಿದರು. ಎಚ್ಚರವಿರಬೇಕಾದಾಗ ನೀಲಿ ಹೆಚ್ಚಿರುವ ಬೆಳಕು, ಮಲಗುವ ಮೊದಲು ಕೆಂಪಿನ ಕಡೆಗೆ ವಾಲಿದ ಬೆಳಕು. ರಾತ್ರಿ ಹನ್ನೆರಡರವರೆಗೆ ಮೊಬೈಲ್ ಪರದೆಯ ನೀಲಿ ಬೆಳಕನ್ನು ಮುಖಕ್ಕೆ ಹಿಡಿದುಕೊಂಡು, ನಿದ್ದೆ ಬರುತ್ತಿಲ್ಲವೆಂದು ದೂರುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ನಿದ್ದೆಯ ನಂತರದ ತೊಡಕು ಸಂಗಡಿಗರದು. ನೀಲಾಂಬಿಕೆಯ ಐಕ್ಯಸ್ಥಳವೆಂದು ಹೆಸರಾದ ತಂಗಡಗಿ ಕೃಷ್ಣೆಯ ದಂಡೆಯ ಊರು. ಅಲ್ಲಿ ಅಣ್ಣತಮ್ಮಂದಿರಿಗೆ ಮಾತಿಗೆ ಮಾತು ಬೆಳೆದರೆ ಒಬ್ಬ ಎದ್ದು ಹೊಳೆಯ ದಂಡೆಗೆ ಹೋಗಿ ಕೂರುತ್ತಾನೆ, ಇನ್ನೊಬ್ಬ ಹೊಲದ ಕಡೆ ನಡೆಯುತ್ತಾನೆ. ಹೊತ್ತು ಮುಳುಗುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿದ ಮೇಲಂತೂ ಇಬ್ಬರೂ ಮನೆಯಲ್ಲಿರುತ್ತಾರೆ. ನೌಕೆಯಲ್ಲಿ ಎದ್ದು ಹೋಗುವುದೆಲ್ಲಿಗೆ? ಒಬ್ಬ ಊಟ ಮಾಡುವಾಗ ಮಾಡುವ ಸಪ್ಪಳ, ಒಬ್ಬ ಹೇಳಿದ್ದನ್ನೇ ಹೇಳುವ ರೀತಿ ಊರಿನಲ್ಲಿದ್ದರೆ ನಗೆಯ ವಿಷಯ. ಅಲ್ಲಿ ಐದನೆಯ ತಿಂಗಳಲ್ಲಿ ಅದೇ ದೊಡ್ಡದಾಗಿ ಕಾಣುತ್ತದೆ.

ರಾಕೇಶ್ ಶರ್ಮಾ ಹೋದ ಅದೇ ಸಾಲ್ಯೂತ್-೭ರಲ್ಲಿ ಅವರಿಗಿಂತ ಎರಡು ವರ್ಷ ಮೊದಲು, ೧೯೮೨ರಲ್ಲಿ, ಬೆರೆಜೊವೊಯ್ ಮತ್ತು ಲೆಬೆದೆವ್ ಎಂಬ ಇಬ್ಬರು ೨೧೧ ದಿನ ಇದ್ದರು. ಲೆಬೆದೆವ್ ಬರೆದಿಟ್ಟ ದಿನಚರಿ ಮುಂದೆ ಪುಸ್ತಕವಾಗಿ ಬಂತು. ಇಬ್ಬರ ನಡುವಿನ ಬಿಗುವನ್ನೂ ತನ್ನ ಒಂಟಿತನವನ್ನೂ ಆತ ಅದರಲ್ಲಿ ಮುಚ್ಚಿಟ್ಟಿಲ್ಲ. ಇಬ್ಬರೂ ಕೆಟ್ಟವರಾಗಿರಲಿಲ್ಲ, ಅಸಮರ್ಥರಂತೂ ಅಲ್ಲವೇ ಅಲ್ಲ. ಏಳು ತಿಂಗಳು ಒಬ್ಬನ ಮುಖವನ್ನೇ ಇನ್ನೊಬ್ಬ ನೋಡುತ್ತಿರಬೇಕು ಎಂಬುದಷ್ಟೇ ಸಾಕಾಗಿತ್ತು.

ಈಗ ಅಮೆರಿಕದ ಒಂದು ಪ್ರಸಂಗ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಶಾಲೆಯ ವೇಳಾಪಟ್ಟಿಗೂ ಇದಕ್ಕೂ ಹತ್ತಿರದ ನಂಟಿದೆ.

ಸ್ಕೈಲ್ಯಾಬ್ ಎಂಬುದು ಅಮೆರಿಕದ ಮೊದಲ ಅಂತರಿಕ್ಷ ನಿಲ್ದಾಣ. ಅದಕ್ಕೆ ಮೂರನೆಯ ಹಾಗೂ ಕೊನೆಯ ತಂಡ ೧೯೭೩ರ ನವೆಂಬರ್ ೧೬ರಂದು ಹೋಯಿತು. ಕಾರ್, ಗಿಬ್ಸನ್, ಪೋಗ್ ಎಂಬ ಮೂವರಿಗೂ ಅದು ಮೊದಲ ಯಾನ. ಹೋದ ಮೊದಲ ದಿನವೇ ಪೋಗ್‌ಗೆ ವಾಂತಿಯಾಯಿತು. ತೂಕವಿಲ್ಲದ ಸ್ಥಿತಿಗೆ ದೇಹ ಒಗ್ಗುವ ಮೊದಲು ಹೀಗಾಗುವುದು ಸಾಮಾನ್ಯ. ಆದರೆ ನೆಲದವರಿಗೆ ತಿಳಿದರೆ ಗದ್ದಲವಾದೀತೆಂದು ಅದನ್ನು ಹೇಳದಿರಲು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಒಳಗಿನ ಮಾತನ್ನೆಲ್ಲ ಟೇಪ್ ದಾಖಲಿಸಿಕೊಳ್ಳುತ್ತಿತ್ತು! ಕೆಳಗಿದ್ದವರು ಅದನ್ನು ಕೇಳಿದರು. ಯಾನಿಗಳ ಮುಖ್ಯಸ್ಥ ಅಲನ್ ಶೆಪರ್ಡ್ ಎಲ್ಲರಿಗೂ ಕೇಳಿಸುವಂತೆ ರೇಡಿಯೋದಲ್ಲೇ ಬೈದ. ಮೊದಲ ದಿನಗಳಲ್ಲೇ ಮೇಲಿನವರಿಗೂ ಕೆಳಗಿನವರಿಗೂ ನಡುವೆ ಒಂದು ತೆರೆ ಬಿದ್ದಂತಾಯಿತು.

ಇದರ ಮೇಲೆ ಕೆಲಸದ ಹೊರೆ. ಇವರಿಗಿಂತ ಹಿಂದಿನ ತಂಡ ೫೯ ದಿನ ಇದ್ದು ಬಹಳ ಚುರುಕಾಗಿ ಕೆಲಸ ಮಾಡಿತ್ತು. ಆ ತಂಡಕ್ಕೆ ಕೈ ಪಳಗಿದ ಮೇಲೆ ಬಂದ ವೇಗವನ್ನೇ ಲೆಕ್ಕಕ್ಕೆ ಹಿಡಿದು ಹೊಸಬರ ವೇಳಾಪಟ್ಟಿ ತಯಾರಿಸಲಾಯಿತು. ಅಣ್ಣ ಹತ್ತನೆಯ ಇಯತ್ತೆಯಲ್ಲಿ ಮಾಡಿದ ಅಭ್ಯಾಸವನ್ನು ತಮ್ಮ ಎಂಟನೆಯದರಲ್ಲೇ ಮಾಡಲಿ ಎನ್ನುವ ಹಾಗೆ. ಒಂದು ಪ್ರಯೋಗ ಮುಗಿದೊಡನೆ ಇನ್ನೊಂದು, ನಡುವೆ ಉಪಕರಣ ಎತ್ತಿಡಲೂ ಬಿಡುವಿಲ್ಲ. ಟೆಲಿಪ್ರಿಂಟರಿನಲ್ಲಿ ದಿನವೂ ಉದ್ದುದ್ದ ಸೂಚನೆಗಳು ಬರುತ್ತಿದ್ದವು. ಮೂವರೂ ವಿಶ್ರಾಂತಿಯ ದಿನದಲ್ಲೂ ದುಡಿದರು. ದುಡಿದಷ್ಟೂ ಹಿಂದೆ ಬಿದ್ದರು, ಅವಸರದಲ್ಲಿ ತಪ್ಪುಗಳಾದವು, ತಪ್ಪಾದಾಗ ಇನ್ನಷ್ಟು ಅವಸರ ಮಾಡಿದರು.

ಕೊನೆಗೆ ನಾಯಕ ಜೆರಾಲ್ಡ್ ಕಾರ್, ನಾವು ಎಲ್ಲಿದ್ದೇವೆ, ನಿಮ್ಮ ಎಣಿಕೆಯೇನು, ಬಿಚ್ಚಿ ಮಾತಾಡೋಣ ಎಂಬ ಅರ್ಥದ ಸಂದೇಶ ಕಳಿಸಿದ. ಡಿಸೆಂಬರ್ ೩೦ರಂದು ರೇಡಿಯೋದಲ್ಲಿ ದೀರ್ಘ ಮಾತುಕತೆ ನಡೆಯಿತು. ಯಾನಿಗಳು ತಮ್ಮ ಕಷ್ಟ ಹೇಳಿಕೊಂಡರು. ನೆಲದವರೂ ತಮ್ಮ ಕಡೆಯ ಮಾತು ಹೇಳಿದರು. ಅಲ್ಲಿಂದ ಮುಂದೆ ಊಟದ ಹೊತ್ತಿಗೂ ವ್ಯಾಯಾಮದ ಹೊತ್ತಿಗೂ ಯಾರೂ ಅಡ್ಡಬರಕೂಡದೆಂದು ಆಯಿತು. ಇಂತಿಷ್ಟೇ ಹೊತ್ತಿಗೆ ಎಂಬ ಕಟ್ಟಿಲ್ಲದ ಸಣ್ಣ ಕೆಲಸಗಳನ್ನು ಒಂದು ಪಟ್ಟಿಯಲ್ಲಿ ಬರೆದು, ನಿಮಗೆ ಬಿಡುವಾದಾಗ ಮಾಡಿ ಎಂದು ಅವರಿಗೇ ಬಿಟ್ಟರು. ಕೆಲಸ ಸರಾಗವಾಯಿತು. ೮೪ ದಿನ ಮುಗಿಸಿ, ಆ ಕಾಲಕ್ಕೆ ಅತಿ ದೀರ್ಘವಾದ ಯಾನದ ದಾಖಲೆಯೊಡನೆ ೧೯೭೪ರ ಫೆಬ್ರವರಿ ೮ರಂದು ಮೂವರೂ ಸುಖವಾಗಿ ಇಳಿದರು.

ಈ ಪ್ರಸಂಗವನ್ನು ‘ಅಂತರಿಕ್ಷದಲ್ಲಿ ಮುಷ್ಕರ’ ಎಂದು ರಂಜಿಸಿ ಬರೆದವರುಂಟು. ಅದು ಸುಳ್ಳು. ಅವರು ಕೆಲಸ ನಿಲ್ಲಿಸಲಿಲ್ಲ, ಕೆಲಸ ಮಾಡಲು ಆಗುತ್ತಿಲ್ಲವೆಂದು ಹೇಳಿದರು. ಬೆಳಿಗ್ಗೆ ಐದಕ್ಕೆ ಟ್ಯೂಷನ್, ಹತ್ತಕ್ಕೆ ಶಾಲೆ, ಸಂಜೆ ಮತ್ತೆ ಟ್ಯೂಷನ್, ರಾತ್ರಿ ಹೋಮ್‌ವರ್ಕ್ ಎಂದು ಪಟ್ಟಿ ಬರೆದು ಗೋಡೆಗೆ ಅಂಟಿಸುವ ಪಾಲಕರು ಈ ಎರಡು ವಾಕ್ಯಗಳ ವ್ಯತ್ಯಾಸವನ್ನು ಗಮನಿಸಬೇಕು. ಆ ಪಟ್ಟಿಯಲ್ಲಿ ಮಗುವಿನ ಕೈಗೇ ಬಿಟ್ಟ ಹೊತ್ತು ಎಷ್ಟಿದೆ ಎಂದು ಒಮ್ಮೆ ಎಣಿಸಿ ನೋಡಿದರೆ ಸಾಕು.

ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಮನೆಯಲ್ಲಿ ಸಾವಾದರೆ ಮೇಲಿರುವವರಿಗೆ ಹೇಳಬೇಕೆ, ಬೇಡವೆ?

೧೯೭೭ರ ಡಿಸೆಂಬರಿನಿಂದ ೧೯೭೮ರ ಮಾರ್ಚ್‌ವರೆಗೆ ಗ್ರೆಚ್ಕೊ ಮತ್ತು ರೊಮಾನೆಂಕೊ ಎಂಬ ಇಬ್ಬರು ಸೋವಿಯತ್ ಯಾನಿಗಳು ಸಾಲ್ಯೂತ್-೬ ನಿಲ್ದಾಣದಲ್ಲಿ ೯೬ ದಿನ ಇದ್ದರು. ಆ ಅವಧಿಯಲ್ಲಿ ಗ್ರೆಚ್ಕೊನ ತಂದೆ ತೀರಿಕೊಂಡರು. ಮನಸ್ಸು ಕೆಟ್ಟರೆ ಕೆಲಸ ಕೆಟ್ಟೀತೆಂಬ ಯೋಚನೆಯಿಂದ ಸುದ್ದಿಯನ್ನು ಅವನಿಂದ ಮರೆಮಾಡಲಾಯಿತು. ನೆಲಕ್ಕೆ ಇಳಿದ ಮೇಲೆ ಹೇಳಿದರು.

ಇದನ್ನು ಓದಿದಾಗ ನಮ್ಮ ಕಡೆಯ ಎಷ್ಟೋ ಮನೆಗಳ ನೆನಪಾಗದಿರದು. ಮಗ ವಿಜಯಪುರದ ವಸತಿನಿಲಯದಲ್ಲಿದ್ದಾನೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಿದೆ. ಊರಲ್ಲಿ ಅಜ್ಜಿ ಹೋಗಿಬಿಟ್ಟಳು. ‘ಹುಡುಗನಿಗೆ ಹೇಳಬ್ಯಾಡ್ರಿ, ಪರೀಕ್ಷಾ ಮುಗೀಲಿ’ ಎಂದು ಹಿರಿಯರು ತೀರ್ಮಾನಿಸುತ್ತಾರೆ. ಕೊನೆಯ ಪತ್ರಿಕೆ ಬರೆದು ನಗುತ್ತ ಬಸ್ಸಿಳಿದ ಹುಡುಗ ಬಾಗಿಲಲ್ಲಿ ಅಜ್ಜಿಯನ್ನು ಹುಡುಕುತ್ತಾನೆ. ತಂದೆತಾಯಿಯ ಉದ್ದೇಶ ಒಳ್ಳೆಯದೇ. ಆದರೆ ಹುಡುಗನಿಗೆ ಉಳಿಯುವುದು ಎರಡು ನೋವು: ಅಜ್ಜಿ ಹೋದದ್ದು ಒಂದು, ಎಲ್ಲರಿಗೂ ಗೊತ್ತಿದ್ದು ತನಗೊಬ್ಬನಿಗೆ ಗೊತ್ತಿಲ್ಲದೆ ಹೋದದ್ದು ಇನ್ನೊಂದು. ಮುಂದಿನ ಸಲ ಮನೆಯಿಂದ ‘ಎಲ್ಲಾ ಆರಾಮ ಅದೀವಿ’ ಎಂದು ಫೋನ್ ಬಂದಾಗ ಅವನು ನಂಬುವುದಾದರೂ ಹೇಗೆ?

ಮೂವತ್ತು ವರ್ಷಗಳ ನಂತರ ಅಂಥದೇ ಸಂಕಟ ಅಮೆರಿಕದ ಡೇನಿಯಲ್ ಟಾನಿಗೆ ಬಂತು. ೨೦೦೭ರ ಡಿಸೆಂಬರ್ ೧೯ರಂದು ಆತ ಅಂತರರಾಷ್ಟ್ರೀಯ ನಿಲ್ದಾಣದಲ್ಲಿದ್ದಾಗ ತಾಯಿ ಅಪಘಾತದಲ್ಲಿ ತೀರಿಕೊಂಡರು. ಈ ಬಾರಿ ಮುಚ್ಚಿಡಲಿಲ್ಲ. ಮಣ್ಣಿಗೆ ಹೋಗಲು ಸಾಧ್ಯವಿರಲಿಲ್ಲ; ಅವನನ್ನು ಕರೆತರಬೇಕಾದ ನೌಕೆಯೇ ತಡವಾಗಿತ್ತು. ಫೆಬ್ರವರಿಯಲ್ಲಿ ಮರಳುವವರೆಗೆ ದುಃಖವನ್ನೂ ಕೆಲಸವನ್ನೂ ಒಟ್ಟಿಗೇ ಹೊತ್ತು ನಡೆಸಿದ. ಈಗ ಯಾನಕ್ಕೆ ಹೊರಡುವ ಮೊದಲೇ ಅವರವರನ್ನೇ ಕೇಳಿಕೊಳ್ಳುವ ಪದ್ಧತಿ ಇದೆ: ಕೆಟ್ಟ ಸುದ್ದಿ ಬಂದರೆ ಹೇಳಬೇಕೆ, ಯಾರ ಬಾಯಿಂದ ಹೇಳಿಸಬೇಕು? ಪರೀಕ್ಷೆಗೆಂದು ಮಗುವನ್ನು ಊರು ಬಿಟ್ಟು ಕಳಿಸುವ ಮನೆಯಲ್ಲೂ ಈ ಮಾತನ್ನು ಮೊದಲೇ ಆಡಿಕೊಳ್ಳಬಹುದು. ಹತ್ತನೆಯ ಇಯತ್ತೆಯ ಹುಡುಗ ಹುಡುಗಿಯರು ಅದಕ್ಕೆ ಉತ್ತರ ಹೇಳಲಾರದಷ್ಟು ಚಿಕ್ಕವರಲ್ಲ.

ಮಂಗಳಕ್ಕೆ ಹೋದಾಗ ಮಾತೇ ತೊಡಕಾಗುತ್ತದೆ. ಇದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು. ಭೂಮಿಗೂ ಮಂಗಳಕ್ಕೂ ಇರುವ ದೂರ ಹೆಚ್ಚುಕಡಿಮೆಯಾಗುತ್ತಿರುತ್ತದೆ. ಅತಿ ಸಮೀಪ ಬಂದಾಗ ಸುಮಾರು ೫.೫ ಕೋಟಿ ಕಿಲೋಮೀಟರ್, ಅತಿ ದೂರ ಸರಿದಾಗ ಸುಮಾರು ೪೦ ಕೋಟಿ. ರೇಡಿಯೋ ಅಲೆಯ ವೇಗ ಸೆಕೆಂಡಿಗೆ ೩ ಲಕ್ಷ ಕಿಲೋಮೀಟರ್. ಭಾಗಿಸಿದರೆ ಮೊದಲನೆಯದಕ್ಕೆ ಸುಮಾರು ೩ ನಿಮಿಷ, ಎರಡನೆಯದಕ್ಕೆ ೨೨ ನಿಮಿಷ. ‘ಅವ್ವಾ, ಹ್ಯಾಂಗದೀ?’ ಎಂದು ಮಂಗಳದಿಂದ ಕೇಳಿದ ಮಾತು ತಾಯಿಗೆ ಮುಟ್ಟಲು ೨೨ ನಿಮಿಷ, ‘ಆರಾಮ ಅದೀನಿ, ನೀ ಉಂಡಿ?’ ಎಂಬ ಉತ್ತರ ಬರಲು ಮತ್ತೆ ೨೨. ಇಂಥ ದೂರದಲ್ಲಿ ಸಂಭಾಷಣೆ ಸಾಧ್ಯವಿಲ್ಲ, ಹಳೆಯ ಕಾಲದ ಪತ್ರವ್ಯವಹಾರ ಮಾತ್ರ ಸಾಧ್ಯ. ಅಂಚೆಯ ಇನ್‌ಲ್ಯಾಂಡ್ ಪತ್ರ ಬರೆದು ವಾರಗಟ್ಟಲೆ ಕಾದವರು ಒಂದು ರೀತಿಯಲ್ಲಿ ಮಂಗಳಯಾನಕ್ಕೆ ಹೆಚ್ಚು ತಯಾರಾದವರು ಎನ್ನಬೇಕು. ಈಗಿನ ಮಕ್ಕಳಿಗೆ ಎರಡು ನಿಮಿಷ ಉತ್ತರ ತಡವಾದರೆ ಕೈಕಾಲು ಆಡುವುದಿಲ್ಲ.

ಈ ಕಾಯುವಿಕೆಯನ್ನೂ ಸೇರಿಸಿ ಮಾಸ್ಕೋದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಮಾರ್ಸ್-೫೦೦ ಎಂದು ಅದರ ಹೆಸರು. ೨೦೧೦ರ ಜೂನ್ ೩ರಿಂದ ೨೦೧೧ರ ನವೆಂಬರ್ ೪ರವರೆಗೆ ೫೨೦ ದಿನ ಆರು ಮಂದಿ ಗಂಡಸರು ನೆಲದ ಮೇಲೆಯೇ, ಕಿಟಕಿಯಿಲ್ಲದ ಕೊಠಡಿಗಳ ಸಾಲಿನಲ್ಲಿ ಬಾಗಿಲು ಹಾಕಿಕೊಂಡು ಇದ್ದರು. ಮಂಗಳಕ್ಕೆ ಹೋದಂತೆ, ಇಳಿದಂತೆ, ಮರಳಿದಂತೆ ನಟನೆ. ಫಲಿತಾಂಶಗಳು ಕುತೂಹಲಕರ. ಆರು ಜನರಲ್ಲಿ ಒಬ್ಬನ ದಿನ ೨೪ ಗಂಟೆಯ ಬದಲು ಸುಮಾರು ೨೫ ಗಂಟೆಯದಾಗಿಬಿಟ್ಟಿತು. ಸಂಗಡಿಗರು ಎದ್ದಿರುವಾಗ ಅವನು ಮಲಗಿರುವುದು, ಅವನು ಎದ್ದಾಗ ಇವರು ಮಲಗುವುದು ಶುರುವಾಯಿತು. ದಿನ ಕಳೆದಂತೆ ಬಹುಪಾಲು ಮಂದಿ ಕಡಿಮೆ ಅಡ್ಡಾಡತೊಡಗಿದರು, ಹೆಚ್ಚು ಹೊತ್ತು ಹಾಸಿಗೆಯಲ್ಲಿ ಕಳೆದರು. ಜಗಳಗಳನ್ನು ಎಣಿಸಿದಾಗ ೮೫ ಶೇಕಡಾ ವರದಿಗಳು ಇಬ್ಬರಿಂದಲೇ ಬಂದಿದ್ದವು. ಅತಿ ಹೆಚ್ಚು ಒತ್ತಡ, ದಣಿವು ಅನುಭವಿಸುತ್ತಿದ್ದವರೂ ಅವರಿಬ್ಬರೇ. ಜಗಳಗಂಟಿ ಎಂದು ಹಣೆಪಟ್ಟಿ ಹಚ್ಚುವ ಮೊದಲು ಅವನಿಗೆ ಎಷ್ಟು ದಣಿವಾಗಿದೆ ಎಂದು ನೋಡಬೇಕೆಂಬುದಕ್ಕೆ ಇಲ್ಲಿ ಅಂಕಿಯ ಆಧಾರ ಸಿಕ್ಕಿತು.

ಈ ಶಾಸ್ತ್ರ ಈಗ ನಮ್ಮ ರಾಜ್ಯದ ಅಂಗಳಕ್ಕೂ ಬಂದಿದೆ. ಇಸ್ರೋದ ಮಾನವ ಅಂತರಿಕ್ಷಯಾನ ಕೇಂದ್ರ ೨೦೧೯ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಗಗನಯಾನಕ್ಕೆ ಆಯ್ಕೆಯಾದ ಪ್ರಶಾಂತ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ ಈ ನಾಲ್ವರ ಹೆಸರುಗಳನ್ನು ೨೦೨೪ರ ಫೆಬ್ರವರಿ ೨೭ರಂದು ಪ್ರಕಟಿಸಲಾಯಿತು. ಇವರ ದೇಹ ಮನಸ್ಸುಗಳ ಪರೀಕ್ಷೆ ನಡೆದದ್ದು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ. ವಾಯುಪಡೆಯ ಈ ವೈದ್ಯಕೀಯ ಸಂಸ್ಥೆ ೧೯೫೭ರಷ್ಟು ಹಳೆಯದು. ೨೦೨೫ರ ಜುಲೈನಲ್ಲಿ ಅದೇ ಸಂಸ್ಥೆಯಲ್ಲಿ ಅಂಗದ್ ಪ್ರತಾಪ್ ಮತ್ತು ಇನ್ನಿಬ್ಬರು ನೌಕೆಯ ಮಾದರಿಯೊಂದರೊಳಗೆ ಹತ್ತು ದಿನ ಇದ್ದರು. ‘ಅನುಗಾಮಿ’ ಎಂಬುದು ಆ ಪ್ರಯೋಗದ ಹೆಸರು. ಮುಂದಿನ ತಿಂಗಳು, ಆಗಸ್ಟ್ ೧ರಿಂದ ೧೦ರವರೆಗೆ, ಲಡಾಖಿನ ತ್ಸೋ ಕರ್ ಕಣಿವೆಯಲ್ಲಿ ಬೆಂಗಳೂರಿನ ಪ್ರೋಟೋಪ್ಲಾನೆಟ್ ಕಂಪನಿ ಇಸ್ರೋ ಜೊತೆಗೂಡಿ ಕಟ್ಟಿದ ‘ಹೋಪ್’ ಎಂಬ ಪುಟ್ಟ ಗೂಡಿನಲ್ಲಿ ಇಬ್ಬರು ವಾಸಮಾಡಿದರು. ಸಮುದ್ರಮಟ್ಟಕ್ಕಿಂತ ನಾಲ್ಕೂವರೆ ಸಾವಿರ ಮೀಟರ್ ಎತ್ತರದ, ಚಳಿಯ, ಮರಗಿಡವಿಲ್ಲದ ಆ ಜಾಗವನ್ನು ಬೇರೆ ಗ್ರಹದ ನೆಲಕ್ಕೆ ಬದಲಿಯಾಗಿ ಆರಿಸಿಕೊಂಡದ್ದು.

ಗಗನಯಾನ ಮೂರೇ ದಿನದ್ದು, ಅದಕ್ಕೆ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ೨೦೩೫ಕ್ಕೆ ನಮ್ಮದೇ ನಿಲ್ದಾಣ, ೨೦೪೦ಕ್ಕೆ ಚಂದ್ರನ ಮೇಲೆ ಭಾರತೀಯರು ಎಂಬ ಗುರಿ ಇಟ್ಟುಕೊಂಡ ದೇಶಕ್ಕೆ ಇದು ತಡವಾಗಿ ಅಲ್ಲ, ಹೊತ್ತಿಗೆ ಸರಿಯಾಗಿ ಹಿಡಿದ ಕೆಲಸ. ಅಲ್ಲದೆ ಯೋಜನೆ ಮೂರು ದಿನದ್ದಾದರೂ ಯಾನ ಮೂರೇ ದಿನಕ್ಕೆ ಮುಗಿಯಬೇಕೆಂದಿಲ್ಲ. ಸುನಿತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ೨೦೨೪ರ ಜೂನ್ ೫ರಂದು ಹೊರಟಾಗ ಎಂಟು ಹತ್ತು ದಿನದ ಮಾತಾಗಿತ್ತು. ಹೋದ ನೌಕೆ ಕೈಕೊಟ್ಟಿತು, ಇಳಿದದ್ದು ೨೮೬ ದಿನಗಳ ಮೇಲೆ, ೨೦೨೫ರ ಮಾರ್ಚ್ ೧೮ರಂದು.

ಧಾರವಾಡದ ಪಾಲನ್ನೂ ಇಲ್ಲಿ ಹೇಳಬೇಕು. ಶುಭಾಂಶು ಶುಕ್ಲಾ ೨೦೨೫ರ ಜೂನ್ ೨೫ರಂದು ಹೊರಟು ಜುಲೈ ೧೫ರಂದು ಮರಳಿದರು. ಹೊರಡುವ ದಿನ ಮತ್ತೆಮತ್ತೆ ಮುಂದಕ್ಕೆ ಹೋಗಿ, ಸೋಂಕು ತಗಲದಂತೆ ಸುಮಾರು ಒಂದು ತಿಂಗಳು ಎಲ್ಲರಿಂದ ದೂರ ಇರಬೇಕಾಗಿ ಬಂದದ್ದೂ ಮನಸ್ಸಿಗೆ ಒಂದು ಪರೀಕ್ಷೆಯೇ. ಅವರ ಜೊತೆಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐಐಟಿ ಸೇರಿ ರೂಪಿಸಿದ ಒಂದು ಪ್ರಯೋಗ ಹೋಗಿತ್ತು: ಹೆಸರು ಕಾಳು, ಮೆಂತ್ಯ ಕಾಳು. ಇವನ್ನು ಅಲ್ಲಿ ನೀರು ಹಾಕಿ ಮೊಳಕೆ ಬರಿಸಲಾಯಿತು. ನಮ್ಮ ಅಡುಗೆಮನೆಯಲ್ಲಿ ಬಟ್ಟೆ ಕಟ್ಟಿ ಇಡುವ ಅದೇ ಕಾಳು. ಪ್ರಯೋಗದ ಉದ್ದೇಶ ತೂಕವಿಲ್ಲದ ಕಡೆ ಮೊಳಕೆಯ ಸತ್ವ ಹೇಗಿರುತ್ತದೆ, ಮುಂದೆ ಯಾನಿಗಳಿಗೆ ಅದು ಆಹಾರವಾದೀತೆ ಎಂದು ತಿಳಿಯುವುದು. ಅದೇ ಯಾನದಲ್ಲಿ ಕಂಪ್ಯೂಟರ್ ಪರದೆಯ ಬಳಕೆ ಯಾನಿಯ ಗಮನ, ಕಣ್ಣಿನ ಚಲನೆ, ಒತ್ತಡಗಳ ಮೇಲೆ ಏನು ಮಾಡುತ್ತದೆ ಎಂಬ ಭಾರತದ್ದೇ ಇನ್ನೊಂದು ಪ್ರಯೋಗವೂ ನಡೆಯಿತು.

ಹಸಿರಿಗೂ ಮನಸ್ಸಿಗೂ ಇರುವ ಸಂಬಂಧವನ್ನು ಈ ಕ್ಷೇತ್ರದವರು ಬಹಳ ಹಿಂದೆಯೇ ಗಮನಿಸಿದ್ದರು. ಲೆಬೆದೆವ್ ತನ್ನ ೨೧೧ ದಿನಗಳಲ್ಲಿ ನಿಲ್ದಾಣದ ಪುಟ್ಟ ತೋಟವನ್ನು ಅಕ್ಕರೆಯಿಂದ ನೋಡಿಕೊಂಡ. ಸಾಸಿವೆ ಕುಲದ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡ ಅಲ್ಲಿ ಹೂ ಬಿಟ್ಟು ಬೀಜವನ್ನೂ ಕಟ್ಟಿತು. ೨೦೧೬ರ ಜನವರಿಯಲ್ಲಿ ಸ್ಕಾಟ್ ಕೆಲಿ ನಿಲ್ದಾಣದಲ್ಲಿ ಜಿನ್ನಿಯಾ ಹೂ ಅರಳಿಸಿದ. ಗಿಡಗಳು ಬೂಸರು ಹತ್ತಿ ಸಾಯುತ್ತಿದ್ದಾಗ, ಯಾವಾಗ ನೀರು ಹಾಕಬೇಕೆಂದು ನೆಲದಿಂದ ಹೇಳುವುದನ್ನು ಬಿಟ್ಟು ತನಗೇ ಬಿಡಿ ಎಂದು ಕೇಳಿಕೊಂಡಿದ್ದ. ಬಿಟ್ಟ ಮೇಲೆ ಉಳಿದವು ಬದುಕಿದವು. ಇನ್ನು ಊಟ. ಶುಕ್ಲಾ ಗಜ್ಜರಿ ಹಲ್ವಾ, ಹೆಸರುಬೇಳೆ ಹಲ್ವಾ, ಮಾವಿನ ರಸ ಒಯ್ದು ಸಂಗಡಿಗರಿಗೂ ಹಂಚಿದರು. ವಸತಿನಿಲಯಕ್ಕೆ ಹೊರಟ ಹುಡುಗನ ಟ್ರಂಕಿನಲ್ಲಿ ಅವ್ವ ಇಡುವ ಶೇಂಗಾ ಹಿಂಡಿಯ ಡಬ್ಬಿ ಮಾಡುವುದೂ ಇದೇ ಕೆಲಸ.

ಹಾಗೆಂದು ಡಬ್ಬಿ ಕೊಟ್ಟುಬಿಟ್ಟರೆ ಮುಗಿಯಲಿಲ್ಲ. ನಿಲ್ದಾಣದಲ್ಲಿರುವ ಅಮೆರಿಕದ ಯಾನಿಗಳಿಗೆ ಎರಡು ವಾರಕ್ಕೊಮ್ಮೆ ಮನೋವಿಜ್ಞಾನಿಯೊಡನೆ ಖಾಸಗಿ ಮಾತುಕತೆ ಇರುತ್ತದೆ. ಬೇರೆ ಯಾರೂ ಕೇಳುವಂತಿಲ್ಲ. ಎಲ್ಲವೂ ಸರಿಯಿದ್ದರೂ ಆ ಭೇಟಿ ತಪ್ಪುವುದಿಲ್ಲ, ಏಕೆಂದರೆ ‘ತೊಂದರೆಯಾದಾಗ ಕರೆಯಿರಿ’ ಎಂದರೆ ಇಂಥ ಜನ ಕರೆಯುವುದಿಲ್ಲ. ಹೇಳಿಕೊಂಡರೆ ಮುಂದಿನ ಅವಕಾಶ ತಪ್ಪೀತೆಂಬ ಹೆದರಿಕೆ ಅವರಿಗೆ ಇದ್ದೇ ಇರುತ್ತದೆ. ಪೋಗ್‌ನ ವಾಂತಿಯನ್ನು ಮುಚ್ಚಿಟ್ಟದ್ದು ಇಂಥದೇ ಹೆದರಿಕೆಯಿಂದ. ಊರಿನಲ್ಲೂ ಅಷ್ಟೆ. ಮಗನಿಗೆ ಜ್ವರ ಬಂದರೆ ಓಣಿಯವರಿಗೆಲ್ಲ ಹೇಳುತ್ತಾರೆ. ಊಟ ಸೇರುತ್ತಿಲ್ಲ, ಯಾರೊಡನೆಯೂ ಮಾತಾಡುತ್ತಿಲ್ಲ ಎಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ೨೦೨೨ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮೂಲ ಆಧಾರ. ೧೪೪೧೬ಕ್ಕೆ ಕರೆ ಮಾಡಿದರೆ ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವಿದ್ಯಾರ್ಥಿಗಳೂ ಕರೆ ಮಾಡಬಹುದು, ಪಾಲಕರೂ ಮಾಡಬಹುದು.

ಇಷ್ಟೆಲ್ಲ ಕಷ್ಟಗಳನ್ನು ಓದಿ, ಮನುಷ್ಯನ ಮನಸ್ಸು ಇದಕ್ಕೆಲ್ಲ ತಡೆದುಕೊಳ್ಳುವುದೇ ಎಂಬ ಅನುಮಾನ ಬಂದರೆ ವಲೇರಿ ಪೊಲ್ಯಾಕೊವ್‌ನ ಕಥೆ ತಿಳಿಯಬೇಕು. ಆತ ವೈದ್ಯ. ಮಂಗಳಯಾನದಷ್ಟು ದೀರ್ಘ ಕಾಲ ಮನುಷ್ಯ ಬಾಳಬಲ್ಲನೇ ಎಂದು ತನ್ನ ಮೇಲೆಯೇ ಪ್ರಯೋಗಮಾಡಿಕೊಳ್ಳಲು ಮೀರ್ ನಿಲ್ದಾಣಕ್ಕೆ ಹೋದ. ೧೯೯೪ರ ಜನವರಿ ೮ರಂದು ಹೋದವನು ಮರಳಿದ್ದು ೧೯೯೫ರ ಮಾರ್ಚ್ ೨೨ರಂದು, ೪೩೭ ದಿನಗಳ ಮೇಲೆ. ಒಂದೇ ಯಾನದಲ್ಲಿ ಇಷ್ಟು ದಿನ ಇದ್ದವರು ಇನ್ನೊಬ್ಬರಿಲ್ಲ. ಇಳಿದಾಗ ನೌಕೆಯಿಂದ ಕುರ್ಚಿಯವರೆಗೆ, ಎತ್ತಿ ಒಯ್ಯಲು ಬಿಡದೆ, ತಾನೇ ನಡೆದು ಹೋದ. ಮಂಗಳದಲ್ಲಿ ಇಳಿದವನು ತನ್ನ ಕಾಲ ಮೇಲೆ ನಿಲ್ಲಬಲ್ಲ ಎಂದು ತೋರಿಸುವುದು ಅವನ ಹಟ.

ಯಾನದುದ್ದಕ್ಕೂ ಅವನ ಮನಸ್ಥಿತಿಯನ್ನೂ ಗಮನದ ಶಕ್ತಿಯನ್ನೂ ಮತ್ತೆಮತ್ತೆ ಅಳೆಯಲಾಗಿತ್ತು. ಹೋದ ಮೊದಲ ಮೂರು ವಾರ ಎರಡೂ ಕುಸಿದವು. ಆಮೇಲೆ ಸರಿಹೋಗಿ, ವರ್ಷ ದಾಟಿದರೂ ನೆಲದ ಮೇಲಿದ್ದ ಮಟ್ಟದಲ್ಲೇ ನಿಂತವು. ಎರಡನೆಯ ಸಲ ಕುಸಿದದ್ದು ಯಾವಾಗ ಎಂಬುದೇ ಸೋಜಿಗ: ಮನೆಗೆ ಬಂದ ಮೇಲಿನ ಮೊದಲ ಎರಡು ವಾರಗಳಲ್ಲಿ. ಮತ್ತೆ ಹಗಲು ರಾತ್ರಿಗೆ, ಭಾರಕ್ಕೆ, ಜನರ ಗದ್ದಲಕ್ಕೆ ಒಗ್ಗಿಕೊಳ್ಳಬೇಕಾಗಿತ್ತು. ಆರು ತಿಂಗಳ ನಂತರ ಇನ್ನೊಮ್ಮೆ ಅಳೆದು ನೋಡಿದಾಗ ಎಲ್ಲವೂ ಯಥಾಸ್ಥಿತಿಗೆ ಬಂದಿದ್ದವು.